ವಾಗ್ದಾನ ಹಿಡಿದು ದಿನ ಸಾಗಿಸಿದ ನನ್ನ ಅನುಭವ

ದೇವರ ವಾಗ್ದಾನಗಳನ್ನು ನಂಬಿ ದಿನದಿನವೂ ಬದುಕಬಹುದು ಅಂತ ನಾನು ಹೇಳಿದಾಗ ನಮ್ಮ ಪ್ರಾರ್ಥನಾ ಗುಂಪಿನಲ್ಲೇ ಕೆಲವರು ಒಪ್ಪಲಿಲ್ಲ. "ಭಾನುವಾರ ಹಾಗೆ ಅನ್ನಿಸುತ್ತೆ, ಸೋಮವಾರ ಬಡ್ಡಿ ಕಟ್ಟುವಾಗ ನೋಡೋಣ" ಅಂದವರೂ ಇದ್ದರು. ಅದಾಗಿ ಏಳೆಂಟು ವರ್ಷ ಕಳೆದಿದೆ. ಸಾಲ ತೀರಿದೆ, ನಂಬಿಕೆ ಉಳಿದಿದೆ, ಅವರಲ್ಲೇ ಇಬ್ಬರು ಈಗ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸತ್ಯವೇದ (ಬೈಬಲ್) ಓದುವುದು, ಪ್ರಾರ್ಥನೆ, ಸಭೆ ಇವೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಕೆಲಸ ಮಾಡದ ದಾರಿಗಳ ಬಗ್ಗೆ. ಶುರುವಿನಲ್ಲಿ ಗೋಡೆ ತುಂಬ ವಚನ ಅಂಟಿಸಿದೆ. ದಿನಕ್ಕೆ ಹತ್ತು ಹದಿನೈದು ವಾಗ್ದಾನ ಜೋರಾಗಿ ಓದುತ್ತಿದ್ದೆ. ಮಧ್ಯಾಹ್ನ ಯಾರಾದರೂ ಕೇಳಿದರೆ ಒಂದೂ ನೆನಪಿರುತ್ತಿರಲಿಲ್ಲ. ಆಮೇಲೆ ಸತ್ಯವೇದವನ್ನು ಸುಮ್ನೆ ತೆರೆದು, ಕಣ್ಣಿಗೆ ಬಿದ್ದ ವಚನವನ್ನೇ ಆ ದಿನದ ಮಾತು ಅಂತ ಹಿಡಿಯುವ ಪದ್ಧತಿ. ಅದು ಇನ್ನೂ ಕಷ್ಟಕ್ಕೆ ತಂದಿತು. ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಚನೆ ನನಗಿದೆ ಅಂತ ದೇವರು ಹೇಳುವ ಯೆರೆಮೀಯ 29:11 ಹಿಡಿದು ಒಂದು ಕೆಲಸ ನನಗೇ ಸಿಗುತ್ತೆ ಅಂತ ಕಾದೆ. ಬೇರೆಯವರಿಗೆ ಸಿಕ್ಕಿತು. ವಾರಗಟ್ಟಲೆ ಪ್ರಾರ್ಥನೆಗೆ ಕೂರಲು ಮನಸ್ಸೇ ಬರಲಿಲ್ಲ.

ಆಮೇಲೆ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅನ್ನುತ್ತೆ. ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ! ಕೇಳಿಸಿಕೊಂಡವರಲ್ಲಿ ಎಷ್ಟೋ ಮಂದಿ ಬಿಡುಗಡೆ ನೋಡುವ ಮೊದಲೇ ಸತ್ತಿರಬೇಕು. ಆದರೂ ವಾಗ್ದಾನ ಸುಳ್ಳಾಗಲಿಲ್ಲ. ನನ್ನ ದಾರಿ ಅಲ್ಲಿಂದ ತಿರುಗಿತು. ವಾಗ್ದಾನವನ್ನು ಅದರ ಅಕ್ಕಪಕ್ಕದ ವಚನಗಳಿಂದ ಕಿತ್ತು ತರಬಾರದು ಅಂತ ಅವತ್ತು ನಿಶ್ಚಯ ಮಾಡಿದೆ. ಸೈತಾನನು ಯೇಸುವನ್ನು ಕೆಳಗೆ ಧುಮುಕು ಅಂತ ಕೆಣಕುತ್ತಾ, ದೂತರು ಕಾಯುತ್ತಾರೆ ಅನ್ನುವ 91ನೆಯ ಕೀರ್ತನೆಯನ್ನು ಹೇಳಿದ್ದೂ ಹಾಗೆ ಕಿತ್ತುಕೊಂಡೇ ಅಲ್ವಾ?

ಈಗ ಮಾಡುವುದು ಇಷ್ಟು. ಬೆಳಿಗ್ಗೆ ಒಂದೇ ವಾಗ್ದಾನ. ಯಾರಿಗೆ ಹೇಳಿದ್ದು, ನಾನು ಏನು ಮಾಡಬೇಕು ಅಂತಿದೆ, ಅದರಲ್ಲಿ ಏನು ಹೇಳಿಲ್ಲ ಅಂತ ನೋಡುತ್ತೇನೆ. ಕೊನೆಯ ಪ್ರಶ್ನೆಯೇ ಮುಖ್ಯ. ಫಿಲಿಪ್ಪಿ 4:6-7 ತೆಗೆದುಕೊಳ್ಳಿ. ನಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಬೇಕು ಅಂತಿದೆ, ಆದರೆ ಅಲ್ಲಿ ವಾಗ್ದಾನ ಮಾಡಿರುವುದು ಬೇಡಿದ ವಸ್ತುವನ್ನಲ್ಲ, ಸಮಾಧಾನವನ್ನು. ಇದು ತಿಳಿದಮೇಲೆ ಅರ್ಧ ನಿರಾಶೆ ತಾನಾಗಿ ಹೋಯಿತು. ಆಮೇಲೆ ಆ ವಾಗ್ದಾನವನ್ನು ನಂಬಿದವನು ಇವತ್ತು ಯಾವ ಒಂದು ಕೆಲಸ ಮಾಡುತ್ತಾನೆ ಅಂತ ಬರೆದು, ಮಧ್ಯಾಹ್ನದೊಳಗೆ ಅದನ್ನು ಮಾಡಿ ಮುಗಿಸುತ್ತೇನೆ. ಒಂದು ಫೋನ್ ಕರೆ, ಒಂದು ಕ್ಷಮೆ, ಒಂದು ಅರ್ಜಿ, ಯಾವುದಾದರೂ ಸರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನಾ ಆಕಾಶದಿಂದ ಬಂದರೂ ಬೆಳಿಗ್ಗೆ ಎದ್ದು ಕೂಡಿಸಿಕೊಳ್ಳುವ ಕೆಲಸ ಜನರದ್ದೇ ಆಗಿತ್ತು. ನಾಳೆಗೆ ಅಂತ ಇಟ್ಟದ್ದಕ್ಕೆ ಹುಳ ಬಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಿದರೂ ಕೆಡಲಿಲ್ಲ, ಯಾಕೆಂದರೆ ಹಾಗೆ ಮಾಡಿ ಅಂತ ದೇವರೇ ಹೇಳಿದ್ದರು. ಉಳಿತಾಯ ಮಾಡುವುದು ಅಪನಂಬಿಕೆಯೇ ಅಂತ ಕೇಳುವವರಿಗೆ ನಾನು ಈ ಆರನೆಯ ದಿನವನ್ನೇ ತೋರಿಸುತ್ತೇನೆ.

ಇನ್ನು ಹಣದ ವಿಷಯ. ನಂಬಿಕೆ ನಿಜವಾಗಿ ಪರೀಕ್ಷೆಗೆ ಬರುವುದು ಇಲ್ಲೇ. ಆಗ ನನ್ನ ಸಾಲ ಹೆಚ್ಚುಕಡಿಮೆ ಒಂದೂವರೆ ವರ್ಷದ ಸಂಬಳದಷ್ಟಿತ್ತು. ದೇವರು ನಿಮ್ಮ ಕೊರತೆಗಳನ್ನೆಲ್ಲ ನೀಗಿಸುವನು ಅನ್ನುವ ಫಿಲಿಪ್ಪಿ 4:19 ಹಿಡಿ ಅಂತ ಎಲ್ಲರೂ ಅಂದರು. ಹಿಂದಿನ ವಚನಗಳನ್ನು ಓದಿದರೆ, ಅಪೊಸ್ತಲ ಪೌಲನ ಕೊರತೆಗೆ ಮತ್ತೆ ಮತ್ತೆ ಸಹಾಯ ಕಳಿಸಿದ ಸಭೆಗೆ ಹೇಳಿದ ಮಾತು ಅದು. ಹಾಗಾಗಿ ಕೊಡುವುದನ್ನು ನಿಲ್ಲಿಸಲಿಲ್ಲ. ಸಂಬಳದ ಹತ್ತನೆಯ ಭಾಗ ಕಾಣಿಕೆಗೆ ಅಂತ ಮೊದಲು ತೆಗೆದಿಟ್ಟು, ಸುಮಾರು ಮೂರನೆಯ ಒಂದು ಭಾಗ ಸಾಲಕ್ಕೆ, ಉಳಿದದ್ದು ಮನೆಗೆ. ಹೊಸ ಸಾಲ ಇಲ್ಲವೇ ಇಲ್ಲ. ಸಾಲ ಕೊಟ್ಟವರ ಹತ್ತಿರ ನಾನೇ ಹೋಗಿ ಯಾವಾಗ ಎಷ್ಟು ಕೊಡುತ್ತೇನೆ ಅಂತ ಬರೆದುಕೊಟ್ಟೆ. ಸಂಬಂಧಿಕರು ನಕ್ಕರು. "ಸಾಲ ಇಟ್ಟುಕೊಂಡು ಕಾಣಿಕೆ ಕೊಡ್ತಾನಂತೆ" ಅಂದರು.

ಎರಡನೆಯ ವರ್ಷ ಕೆಲಸ ಹೋಯಿತು. ಐದಾರು ತಿಂಗಳು ಸಂಬಳವೇ ಇಲ್ಲ. ಆಗ ಹಿಡಿದದ್ದು ಇಬ್ರಿಯ 13:5. ಎಂದಿಗೂ ಕೈಬಿಡೆನು ಅನ್ನುವ ಮಾತು ಎಲ್ಲರಿಗೂ ಬಾಯಿಪಾಠ. ಅದೇ ವಚನದ ಮೊದಲ ಭಾಗ ಹಣದಾಸೆ ಬಿಡುವುದರ ಬಗ್ಗೆ, ಇರುವುದರಲ್ಲಿ ತೃಪ್ತಿಪಡುವುದರ ಬಗ್ಗೆ. ಅದನ್ನು ಹಿಡಿದು ಮನೆಯ ಖರ್ಚನ್ನು ಅರ್ಧಕ್ಕೆ ಇಳಿಸಿದೆವು. ಸಿಕ್ಕ ಚಿಕ್ಕಪುಟ್ಟ ಕೆಲಸ ಮಾಡಿದೆ. ಎರಡು ಕಂತು ತಪ್ಪಿದವು. ಸಾಲ ಕೊಟ್ಟವರೊಬ್ಬರು ಬಾಗಿಲಲ್ಲೇ ನಿಂತು ಕೂಗಾಡಿದರು. ಆ ದಿನ ಹಣ ಬರಲಿಲ್ಲ, ಪವಾಡವೂ ನಡೆಯಲಿಲ್ಲ. ಆದರೆ ಅವರಿಗೆ ಸುಳ್ಳು ಹೇಳದೆ ಉತ್ತರ ಕೊಟ್ಟೆ, ರಾತ್ರಿ ಮಲಗಿದಾಗ ನಿದ್ದೆ ಬಂತು. ಕಂತು ಕಟ್ಟುತ್ತೇನೆ ಅಂತ ದೇವರು ಹೇಳಿರಲಿಲ್ಲ, ಕೈಬಿಡುವುದಿಲ್ಲ ಅಂತ ಹೇಳಿದ್ದರು. ಅದು ಆಯಿತು. ಮುಂದಿನ ತಿಂಗಳುಗಳಲ್ಲಿ ಹಳೆಯ ಬಾಕಿಯೊಂದು ಕೈಸೇರಿತು, ನಂತರ ಕೆಲಸವೂ ಸಿಕ್ಕಿತು. ಒಟ್ಟು ನಾಲ್ಕು ವರ್ಷದ ಆಸುಪಾಸಿನಲ್ಲಿ ಸಾಲ ಪೂರ್ತಿ ತೀರಿತು. ನಕ್ಕವರಿಗಿಂತ ಮೊದಲೇ ತೀರಿತು ಅಂತ ಸಂತೋಷವಾಗಿಯೇ ಹೇಳುತ್ತೇನೆ.

ನಡುವೆ ಬೇರೆ ಪ್ರಯತ್ನಗಳೂ ನಡೆದವು. ಜಾರ್ಜ್ ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆ ಶುರುಮಾಡಿ, ಮನುಷ್ಯರ ಹತ್ತಿರ ಹಣ ಕೇಳದೆ ದೇವರನ್ನೇ ಕೇಳಿದವರು. ಅವರಂತೆ ನನ್ನ ಕೊರತೆಯನ್ನು ಯಾರಿಗೂ ಹೇಳಬಾರದು ಅಂತ ಸುಮಾರು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಅದು ಹೊಂದಲಿಲ್ಲ. ಹೆಂಡತಿ ಒಬ್ಬಳೇ ಭಾರ ಹೊರುವಂತಾಯಿತು. ಮುಲ್ಲರ್ ಅವರಿಂದ ನನಗೆ ಉಪಯೋಗಕ್ಕೆ ಬಂದದ್ದು ಲೆಕ್ಕ. ಬಂದದ್ದನ್ನೆಲ್ಲ ಬರೆದಿಟ್ಟು ವರ್ಷ ವರ್ಷ ವರದಿ ಕೊಡುತ್ತಿದ್ದರು, ಸಾಲವನ್ನೂ ಮಾಡುತ್ತಿರಲಿಲ್ಲ. ಹಾಗೇ ನಾನೂ ನೋಟ್‌ಬುಕ್ ಇಟ್ಟೆ. ಎಡಗಡೆ ವಾಗ್ದಾನ ಮತ್ತು ಬೇಡಿಕೆ, ಬಲಗಡೆ ಏನಾಯಿತು. ಬಲಗಡೆ ಖಾಲಿ ಇದ್ದರೆ ಖಾಲಿ ಬಿಡಬೇಕು, ತುಂಬಿಸಲು ಹೋಗಬಾರದು. ಈಗ ಆರೇಳು ಪುಸ್ತಕ ಆಗಿವೆ. ನನ್ನ ಅಂದಾಜಿನಲ್ಲಿ ಕಾಲುಭಾಗ ಇನ್ನೂ ಖಾಲಿ.

119ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಲೂ ಹೊರಟಿದ್ದೆ. 176 ವಚನ, ಎಂಟೆಂಟರ 22 ಭಾಗ, ವಾರಕ್ಕೊಂದು ಭಾಗ. ಅರ್ಧದ ಹತ್ತಿರ ನಿಂತಿತು. ಆದರೆ ಕಲಿತ ಅರ್ಧ ಆಸ್ಪತ್ರೆಯಲ್ಲಿ ಕೈಹಿಡಿಯಿತು. ಅಮ್ಮನಿಗೆ ಕಾಯಿಲೆ ಬಂದಾಗ ಗುಣವಾಗಲಿ ಅಂತ ತಿಂಗಳುಗಟ್ಟಲೆ ಬೇಡಿದೆವು. ಗುಣವಾಗಲಿಲ್ಲ. ಪೌಲನೂ ತನ್ನ ಶರೀರದ ಬಾಧೆ ಹೋಗಲಿ ಅಂತ ಮೂರು ಸಾರಿ ಬೇಡಿದ್ದ, ಅವನು ಮುಳ್ಳು ಅಂತ ಕರೆದ ಅದು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ದೇವರ ಮಾತು ನಂಬಿ ಅಬ್ರಹಾಮ ಹೊರಟಾಗ 75 ವರ್ಷ, ವಾಗ್ದಾನದ ಮಗ ಇಸಾಕ ಹುಟ್ಟಿದಾಗ 100. ಇಬ್ರಿಯ 11:13ರಲ್ಲಿ ಇರುವವರಂತೂ ವಾಗ್ದಾನದ ಫಲ ಕೈಗೆ ಬಾರದೆಯೇ ನಂಬಿಕೆಯಲ್ಲಿ ಸತ್ತರು. ಅಮ್ಮ ಕೊನೆಯ ವಾರದಲ್ಲಿ ಆ ವಚನವನ್ನು ನನ್ನಿಂದ ಎರಡು ಮೂರು ಸಾರಿ ಓದಿಸಿಕೊಂಡರು. ಆ ಪುಟದ ಬಲಗಡೆ ಖಾಲಿಯೇ ಇದೆ. ಪುನರುತ್ಥಾನದ ದಿನ ಅದು ತುಂಬುತ್ತೆ ಅಂತ ನಾನು ನಂಬಿದ್ದೇನೆ.

ರಾತ್ರಿ ಪುಸ್ತಕ ಮುಚ್ಚುವ ಮೊದಲು ಮಾಡುವ ಒಂದು ಅಭ್ಯಾಸ ಇದೆ. ಅದೇ ನನ್ನನ್ನು ಹೆಚ್ಚು ಬದಲಾಯಿಸಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗೂ ದೇವರಿಗೂ ನಡುವೆ ಇರಲಿ. ವಚನ ಆರಿಸುವ ನನ್ನ ಕ್ರಮವನ್ನೂ ಪೂರ್ತಿ ಹೇಳಲ್ಲ. ಯಾವುದಾದರೂ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಹೋಗಿ, ನಿಮ್ಮ ಕ್ರಮ ನಿಮಗೇ ಸಿಗುತ್ತೆ.

ಶುರುಮಾಡುವವರು ದೊಡ್ಡ ಬೇಡಿಕೆಯಿಂದ ಶುರುಮಾಡಬೇಡಿ. ನಾಳೆಯ ವಿಷಯ ಚಿಂತೆ ಮಾಡಬೇಡಿ ಅನ್ನುವ ಮತ್ತಾಯ 6:34 ತೆಗೆದುಕೊಂಡು ಒಂದು ತಿಂಗಳು ಬರೀ ಇವತ್ತಿನ ಕಷ್ಟವನ್ನು ಮಾತ್ರ ದೇವರ ಮುಂದೆ ಇಡಿ. ಬಡ್ಡಿಯ ಮಾತು ಎತ್ತಿದ್ದ ಸಹೋದರರೊಬ್ಬರು ಹೋದ ತಿಂಗಳಿಂದ ಹಾಗೇ ಮಾಡುತ್ತಿದ್ದಾರೆ. ಅವರ ಸಾಲ ನನ್ನದಕ್ಕಿಂತ ಜಾಸ್ತಿ. ಶನಿವಾರ ಸಂಜೆ ಇಬ್ಬರೂ ಕೂತು ಅವರ ಪುಸ್ತಕದ ಬಲಗಡೆ ಏನು ಬರೆಯಬಹುದು, ಏನು ಬರೆಯಬಾರದು ಅಂತ ನೋಡುತ್ತೇವೆ.