ಜಾಂಡೀಸ್ ಜೊತೆ ಮಲ ಬೆಳ್ಳಗೆ ಹೋಗ್ತಿದ್ರೆ ಯಾರ ಹತ್ರ ಹೋಗ್ಬೇಕು, ಏನ್ ಕೇಳ್ಬೇಕು

ಕಣ್ಣು ಹಳದಿ ಆಯ್ತು ಅಂದ್ರೆ ನಮ್ ಕಡೆ ಮೊದ್ಲು ನಾಟಿ ಔಷಧಿ, ಪಥ್ಯ. ಹೆಪಟೈಟಿಸ್ ಎ ಆಗಿದ್ರೆ ಬಹುಪಾಲು ತಾನಾಗೇ ವಾಸಿ ಆಗುತ್ತೆ, ಹೆಸರು ಮಾತ್ರ ಔಷಧಿ ಕೊಟ್ಟೋರಿಗೆ, ಇರ್ಲಿ ಬಿಡಿ. ಆದ್ರೆ ಮೂತ್ರ ಡಿಕಾಕ್ಷನ್ ಥರ, ಮಲ ಬಿಳಿಚ್ಕೊಂಡು, ಮೈಯೆಲ್ಲಾ ತುರಿಕೆ ಇದ್ರೆ ಪಿತ್ತನಾಳ (ಲಿವರ್‌ನಿಂದ ಕರುಳಿಗೆ ಪಿತ್ತ ಹೋಗೋ ಕೊಳವೆ) ಎಲ್ಲೋ ಕಟ್ಕೊಂಡಿರೋ ಸಾಧ್ಯತೆ ಜಾಸ್ತಿ, ಕಲ್ಲೂ ಇರ್ಬಹುದು ಗಡ್ಡೆನೂ ಇರ್ಬಹುದು, ಪಥ್ಯಕ್ಕೆ ಬಗ್ಗೋ ಕಾಯಿಲೆ ಅಲ್ಲ ಇದು. ಚಳಿಜ್ವರನೂ ಸೇರ್ಕೊಂಡ್ರೆ ನಾಳದಲ್ಲಿ ಸೋಂಕಾಗಿರ್ಬಹುದು, ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಮೊದ್ಲು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ), ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಪರೀಕ್ಷೆ), ಹೊಟ್ಟೆ ಸ್ಕ್ಯಾನಿಂಗ್. ನಾಳ ಊದ್ಕೊಂಡಿದೆ ಅಂತ ಬಂದ್ರೆ ಮುಂದೆ ಎಂಆರ್‌ಸಿಪಿ (ಪಿತ್ತನಾಳ ತೋರ್ಸೋ ಎಂಆರ್‌ಐ) ಅಥ್ವಾ ಸಿಟಿ. ಬರೀ ಕಲ್ಲಾದ್ರೆ ಸಾಮಾನ್ಯವಾಗಿ ಇಆರ್‌ಸಿಪಿಲಿ (ಬಾಯಿಂದ ಎಂಡೋಸ್ಕೋಪ್ ಹಾಕಿ ಪಿತ್ತನಾಳದ ತನಕ ಹೋಗೋ ವಿಧಾನ) ತೆಗೆದು, ಆಮೇಲೆ ಪಿತ್ತಕೋಶನ ಲ್ಯಾಪ್ರೋಸ್ಕೋಪಿಲಿ ತೆಗೀತಾರೆ. ಗಡ್ಡೆ ಅಂತ ಅನುಮಾನ ಇದ್ರೆ ಮಾತ್ರ ಸ್ವಲ್ಪ ತಡೀರಿ, ಸ್ಟೆಂಟ್ (ಕಟ್ಕೊಂಡಿರೋ ನಾಳ ತೆರೆದಿಡೋ ಸಣ್ಣ ಕೊಳವೆ) ಹಾಕೋಕ್ ಮುಂಚೆನೇ ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಸಿಟಿ (ಪ್ಯಾಂಕ್ರಿಯಾಸ್ ಅಂದ್ರೆ ಮೇದೋಜೀರಕ ಗ್ರಂಥಿ, ಅದನ್ನೇ ವಿವರವಾಗಿ ತೋರ್ಸೋ ಸಿಟಿ) ಮಾಡ್ಸಿ, ಯಾಕಂದ್ರೆ ಸ್ಟೆಂಟ್ ಹಾಕಿದ್ಮೇಲೆ ಅಲ್ಲೇ ಊತ ಬಂದು ಗಡ್ಡೆ ರಕ್ತನಾಳಕ್ಕೆ ಅಂಟಿದ್ಯಾ ಇಲ್ವಾ ಅನ್ನೋದು ಸರಿಯಾಗಿ ಕಾಣಲ್ಲ, ಆಪರೇಷನ್ ಆಗುತ್ತಾ ಇಲ್ವಾ ಅಂತ ತೀರ್ಮಾನ ಆಗೋದೇ ಅದ್ರ ಮೇಲೆ. ಸೋಂಕಿಲ್ಲ, ಬಿಲಿರುಬಿನ್ (ಕಣ್ಣು ಹಳದಿ ಮಾಡೋ ಅಂಶ) ತೀರಾ ಏರಿಲ್ಲ, ಆಪರೇಷನ್ ಡೇಟ್ ಬೇಗ ಸಿಗುತ್ತೆ ಅಂದ್ರೆ ಸ್ಟೆಂಟ್ ಇಲ್ದೇನೂ ಮಾಡ್ತಾರೆ, ಕೇಳಿ ನೋಡಿ. ಫಿಲ್ಮ್ ಜೊತೆ ಸಿಡಿನೂ ಇಸ್ಕೊಳ್ಳಿ, ಸರ್ಜನ್ ರಿಪೋರ್ಟ್‌ಗಿಂತ ಚಿತ್ರನೇ ನೋಡೋದು.

ಸರ್ಜನ್ ಬೋರ್ಡ್‌ಲಿ ಎಂಸಿಎಚ್ ಸರ್ಜಿಕಲ್ ಗ್ಯಾಸ್ಟ್ರೋ (ಹೊಟ್ಟೆ, ಕರುಳು, ಲಿವರ್ ಆಪರೇಷನ್‌ನ ಸೂಪರ್ ಸ್ಪೆಷಾಲಿಟಿ ಡಿಗ್ರಿ) ಇದ್ಯಾ ನೋಡಿ. ಡಿಎಂ ಗ್ಯಾಸ್ಟ್ರೋ ಅಂದ್ರೆ ಆಪರೇಷನ್ ಅಲ್ಲ, ಔಷಧಿ, ಎಂಡೋಸ್ಕೋಪಿ ಕಡೆಯೋರು, ಅವ್ರೂ ಬೇಕು. ಆಮೇಲೆ ಸಂಕೋಚ ಬಿಟ್ಟು, ವರ್ಷಕ್ಕೆ ಎಷ್ಟು ವಿಪಲ್ ಮಾಡ್ತೀರಾ ಸಾರ್ ಅಂತ ಕೇಳಿ. ವಿಪಲ್ ಅಂದ್ರೆ ಇಂಥ ಗಡ್ಡೆಗೆ ಪ್ಯಾಂಕ್ರಿಯಾಸ್ ತಲೆಭಾಗ, ಡ್ಯುಯೋಡಿನಂ (ಸಣ್ಣಕರುಳಿನ ಮೊದಲ ಭಾಗ), ಪಿತ್ತಕೋಶ, ನಾಳದ ಒಂದ್ ಭಾಗ ತೆಗೆದು, ಉಳಿದಿದ್ದನ್ನ ಮೂರು ಕಡೆ ಕರುಳಿಗೆ ಜೋಡಿಸೋ ಆಪರೇಷನ್, ಜಾಸ್ತಿ ಮಾಡೋ ಕಡೆನೇ ರಿಸಲ್ಟ್ ಚೆನ್ನಾಗಿರುತ್ತೆ. ಪ್ಯಾಂಕ್ರಿಯಾಸ್ ಜೋಡಣೆ ಲೀಕ್ ಆಗಿ ದಿನಗಳಾದ್ಮೇಲೂ ರಕ್ತಸ್ರಾವ ಆಗ್ಬಹುದು, ಅದಕ್ಕೆ ರಾತ್ರಿನೂ ಇಂಟರ್ವೆನ್ಷನಲ್ ರೇಡಿಯಾಲಜಿ (ರಕ್ತನಾಳದೊಳಗೆ ಸಣ್ಣ ಟ್ಯೂಬ್ ಹಾಕಿ ರಕ್ತಸ್ರಾವ ನಿಲ್ಸೋರು) ಸಿಗುತ್ತಾ ಅಂತ ಕೇಳೋದು ನನ್ ಪ್ರಕಾರ ರೂಮ್ ಎಸಿನಾ ನಾನ್ ಎಸಿನಾ ಅನ್ನೋದಕ್ಕಿಂತ ಮುಖ್ಯ.

ದುಡ್ಡಿನ್ ವಿಷ್ಯ. ಬೆಂಗಳೂರಲ್ಲಿ ವಿಕ್ಟೋರಿಯಾ ಕ್ಯಾಂಪಸ್‌ನಲ್ಲೇ ಸರ್ಕಾರದ ಗ್ಯಾಸ್ಟ್ರೋ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್‌ನ ಶೇ. 30, ಅದೂ 1.5 ಲಕ್ಷದೊಳಗೆ. ಪ್ರೈವೇಟ್ ಅಂದ್ರೆ ಅಡ್ಮಿಟ್ ಆಗೋ ಮುಂಚೆನೇ ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್, ರೇಷನ್ ಕಾರ್ಡ್, ಆಧಾರ್ ರೆಡಿ ಇಟ್ಕೊಂಡು ಆರೋಗ್ಯಮಿತ್ರ (ಆಸ್ಪತ್ರೆಲಿ ಈ ಯೋಜನೆ ನೋಡ್ಕೊಳ್ಳೋರು) ಡೆಸ್ಕ್‌ಲಿ ವಿಚಾರಿಸಿ.