ಬ್ರಿಟನ್ನಿನ ವರ್ಕ್ ವೀಸಾ: ಅರ್ಜಿಗೂ ಮುಂಚೆ ಕಂಪನಿಯನ್ನು ನೋಡಿ

ಬ್ರಿಟನ್ನಿನಲ್ಲಿ ಕೆಲಸ ಮಾಡುವ ಆಸೆ ಹುಟ್ಟಿದ ಕೂಡಲೇ ಬಹಳ ಜನ ವೀಸಾ ಅರ್ಜಿ ಹುಡುಕಲು ಕೂರುತ್ತಾರೆ. ಆದರೆ ನುರಿತ ಕೆಲಸಗಾರರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ನಿಮಗಿಂತ ಮುಂಚೆ ನಿಮ್ಮನ್ನು ಕರೆಯುವ ಕಂಪನಿ ಪಾಸಾಗಿರಬೇಕು. ಅದಕ್ಕೆ ಅಲ್ಲಿನ ಹೋಮ್ ಆಫೀಸ್ (ವೀಸಾ, ವಲಸೆ ನೋಡಿಕೊಳ್ಳುವ ಇಲಾಖೆ) ಕೊಟ್ಟ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸುವ ಅನುಮತಿ ಇಲ್ಲದಿದ್ದರೆ ನಿಮ್ಮ ಆಫರ್ ಲೆಟರ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಹೆಸರು ಇದೆಯಾ ಅಂತ ಮಾತ್ರ ನೋಡಿ ಸುಮ್ನಾಗಬೇಡಿ. ಹೆಸರಿನ ಪಕ್ಕದಲ್ಲಿ ‘ಸ್ಕಿಲ್ಡ್ ವರ್ಕರ್’ ಅಂತ ಇದೆಯಾ ನೋಡಿ. ಕೆಲವರಿಗೆ ಬೇರೆ ಬಗೆಯ ವೀಸಾಕ್ಕೆ ಮಾತ್ರ ಲೈಸೆನ್ಸ್ ಇರುತ್ತದೆ. ಅಂಗಡಿ ಬೋರ್ಡಿನ ಹೆಸರೇ ಒಂದು, ನೋಂದಣಿಯಾದ ಹೆಸರೇ ಇನ್ನೊಂದು ಇರುವುದೂ ಉಂಟು. ಅನುಮಾನ ಬಂದರೆ ಎಚ್‌ಆರ್ ಅವರನ್ನೇ ಕೇಳಿ.

ಮುಂದಿನದು ಕೆಲಸ ಮತ್ತು ಸಂಬಳ. 2025ರ ಜುಲೈ 22ರಿಂದ ನಿಯಮ ಬಿಗಿಯಾಗಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೆಲಸ ಪದವಿ ಮಟ್ಟದ್ದಾಗಿರಬೇಕು. ಇಲ್ಲಿ ನೋಡುವುದು ಹುದ್ದೆಯ ಮಟ್ಟವನ್ನು. ನಿಮ್ಮ ಹತ್ತಿರ ಎರಡು ಡಿಗ್ರಿ ಇದ್ದರೂ ಹುದ್ದೆ ಆ ಮಟ್ಟದ್ದಲ್ಲದಿದ್ದರೆ ಆಗುವುದಿಲ್ಲ. ಸಂಬಳ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 41,700 ಪೌಂಡ್ ಇರಬೇಕು. ಆ ಹುದ್ದೆಗೆ ಸರ್ಕಾರ ಗೊತ್ತುಮಾಡಿದ ದರ ಇದಕ್ಕಿಂತ ಜಾಸ್ತಿ ಇದ್ದರೆ ಅದೇ ಲೆಕ್ಕ. 26 ವರ್ಷದೊಳಗಿನವರಿಗೆ, ಆರೋಗ್ಯ ಮತ್ತು ಶಿಕ್ಷಣದ ಕೆಲವು ಹುದ್ದೆಗಳಿಗೆ ಮಿತಿ ಕಡಿಮೆ. ಓವರ್‌ಟೈಮ್, ಬೋನಸ್ ಸೇರಿಸಿ ಮೊತ್ತ ದೊಡ್ಡದಾಗಿ ತೋರಿಸಿದ್ದರೆ ಮೋಸಹೋಗಬೇಡಿ. ಲೆಕ್ಕಕ್ಕೆ ಬರುವುದು ಖಾತ್ರಿಯಾಗಿ ಸಿಗುವ ಮೂಲ ಸಂಬಳ.

ಇಷ್ಟು ಸರಿಯಿದ್ದರೆ ಕಂಪನಿ ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡುತ್ತದೆ. ಇದು ಕಂಪ್ಯೂಟರಿನಲ್ಲಿರುವ ದಾಖಲೆ, ನಿಮಗೆ ಬೇಕಾದದ್ದು ಅದರ ನಂಬರು. ನಂಬರು ಬಂತು ಅಂತ ಖುಷಿಯಲ್ಲಿ ಅರ್ಜಿ ತುಂಬಬೇಡಿ. ಅದರಲ್ಲಿರುವ ವಿವರಗಳನ್ನೂ ಕಳಿಸಲು ಹೇಳಿ, ಒಂದೊಂದೇ ಸಾಲು ಓದಿ. ಹೆಸರು, ಪಾಸ್‌ಪೋರ್ಟ್ ನಂಬರು, ಕೆಲಸ ಶುರುವಾಗುವ ದಿನ, ಸಂಬಳ, ಹುದ್ದೆಯ ನಾಲ್ಕಂಕಿ ಕೋಡ್. ಕೋಡ್ ಒಂದು, ಮಾಡುವ ಕೆಲಸ ಇನ್ನೊಂದು ಅನ್ನಿಸಿದರೆ ಅರ್ಜಿ ತಿರಸ್ಕಾರವಾಗಬಹುದು. ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಇದನ್ನು ಬಳಸಬೇಕು.

ಈ ಸರ್ಟಿಫಿಕೇಟ್ ‘ಕೊಡಿಸುತ್ತೇವೆ’ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಇದರ ಶುಲ್ಕ ಕಂಪನಿಯದ್ದು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಯಾರಾದರೂ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಇನ್ನು ನಿಮ್ಮ ಕಡೆಯ ಕಾಗದಪತ್ರ. 2026ರ ಜನವರಿ 8ರಿಂದ ಹೊಸದಾಗಿ ಅರ್ಜಿ ಹಾಕುವವರ ಇಂಗ್ಲಿಷ್ ಬಿ2 ಮಟ್ಟದ್ದಾಗಿರಬೇಕು (ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಯುರೋಪಿನ ಅಳತೆಯಲ್ಲಿ ಮಧ್ಯಮಕ್ಕಿಂತ ಮೇಲಿನ ಹಂತ). ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದವರು ಹೊರದೇಶದ ಡಿಗ್ರಿಗಳನ್ನು ಪರಿಶೀಲಿಸುವ ಬ್ರಿಟನ್ನಿನ ಎಕ್ಟಿಸ್ ಸಂಸ್ಥೆಯಿಂದ ದೃಢೀಕರಣ ತಂದರೆ ಪರೀಕ್ಷೆ ಬೇಡ. ಭಾರತವೂ ಸೇರಿ ಪಟ್ಟಿಯಲ್ಲಿರುವ ದೇಶಗಳಿಂದ ಹೋಗುವವರಿಗೆ ಟಿಬಿ ಪರೀಕ್ಷೆ ಕಡ್ಡಾಯ, ಅದೂ ಒಪ್ಪಿಗೆ ಪಡೆದ ಕ್ಲಿನಿಕ್ಕಿನಲ್ಲೇ.

ಹಣದ ವಿಷಯದಲ್ಲೇ ಹಲವರು ಎಡವುವುದು. ಖಾತೆಯಲ್ಲಿ 1,270 ಪೌಂಡ್ ಸತತ 28 ದಿನ ಇರಬೇಕು. ಇಪ್ಪತ್ತನೇ ದಿನ ಹೊಸ ಸೂಟ್‌ಕೇಸ್ ಕೊಂಡು ಖಾತೆಯ ಹಣ 1,250ಕ್ಕೆ ಇಳಿಯಿತು ಅನ್ನಿ, ಎಣಿಕೆ ಮತ್ತೆ ಒಂದರಿಂದ. ಕಂಪನಿಯೇ ‘ಮೊದಲ ತಿಂಗಳ ಖರ್ಚು ನಾವು ನೋಡಿಕೊಳ್ಳುತ್ತೇವೆ’ ಅಂತ ಸರ್ಟಿಫಿಕೇಟಿನಲ್ಲಿ ಬರೆದಿದ್ದರೆ ಈ ತಲೆನೋವೇ ಇಲ್ಲ. ಕೇಳಿ ನೋಡಿ, ಕೇಳಿದರೆ ಕಳೆದುಕೊಳ್ಳುವುದೇನಿದೆ?

ಅರ್ಜಿ ಆನ್‌ಲೈನಿನಲ್ಲಿ. ವೀಸಾ ಶುಲ್ಕದ ಜೊತೆ ಹೆಲ್ತ್ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಬಳಸಲು ಕಟ್ಟುವ ಹಣ) ಕೂಡ ಮುಂಗಡವಾಗಿ ಕಟ್ಟಬೇಕು. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಅಂದರೆ ಐದು ವರ್ಷಕ್ಕೆ 5,175. ಗಂಡ, ಹೆಂಡತಿ, ಮಕ್ಕಳು ಜೊತೆಗೆ ಹೊರಟರೆ ಅವರದ್ದೂ ಬೇರೆ. ಎಷ್ಟು ಭಾಗ ಕಂಪನಿ ಕೊಡುತ್ತದೆ ಅಂತ ಆಫರ್ ಒಪ್ಪುವ ಮುಂಚೆಯೇ ಮಾತಾಡಿಕೊಳ್ಳಿ. ಆಮೇಲೆ ವೀಸಾ ಕೇಂದ್ರದಲ್ಲಿ ಬೆರಳಚ್ಚು, ಫೋಟೋ. ಉತ್ತರ ಸಾಮಾನ್ಯವಾಗಿ ಮೂರು ವಾರದಲ್ಲಿ ಬರುತ್ತದೆ. ಅಲ್ಲಿಯವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವಿಮಾನದ ಟಿಕೆಟ್ಟೂ ಬೇಡ.

ಈ ವೀಸಾ ಆ ಕಂಪನಿಗೆ ಕಟ್ಟುಬಿದ್ದದ್ದು. ಕಂಪನಿ ಬದಲಿಸಬೇಕಾದರೆ ಹೊಸ ಸರ್ಟಿಫಿಕೇಟ್, ಹೊಸ ಅರ್ಜಿ. ಕೆಲಸ ಹೋದರೆ ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ, ವೀಸಾ ಅದಕ್ಕೂ ಮುಂಚೆ ಮುಗಿಯುವಂತಿದ್ದರೆ ವೀಸಾ ಉಳಿದಿರುವಷ್ಟೇ ದಿನ.