ಪ್ರಶ್ನೆಯೊಂದು, ಪೆಟ್ಟಿಗೆ ತುಂಬ ಓದು

ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು, ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಮೊದಲೆಲ್ಲ ಕಥೆಪುಸ್ತಕಗಳಿಗೆ ಸುಲಭ, ಕಷ್ಟ ಅಂತ ಬಣ್ಣದ ಚೀಟಿ ಅಂಟಿಸಿ ಹಂಚುತ್ತಿದ್ದೆ. ಹಸಿರು ಚೀಟಿಯ ಪುಸ್ತಕ ಸಿಕ್ಕ ಮಕ್ಕಳು ಅದನ್ನು ಚೀಲದೊಳಗೆ ಬಚ್ಚಿಡುತ್ತಿದ್ದರು. ಓದಲು ಬಾರದವರ ಪುಸ್ತಕ ಅದು ಅಂತ ಅವರಿಗೆ ಗೊತ್ತಾಗಿಹೋಗಿತ್ತು. ನನಗೆ ತಡೆಯಲಾಗಲಿಲ್ಲ, ಚೀಟಿಗಳನ್ನೆಲ್ಲ ಕಿತ್ತುಹಾಕಿದೆ.

ಒಂದು ವಿಷಯದ ಸುತ್ತ ಓದಿಸೋಣ ಅಂತ ‘ಪ್ರಕೃತಿ’ ಆರಿಸಿದೆ. ಅದೂ ನಡೆಯಲಿಲ್ಲ. ಆನೆ, ಅಣಬೆ, ಸೂರ್ಯ ಎಲ್ಲವೂ ಅದರೊಳಗೆ ಬರುತ್ತವೆ. ನಿನ್ನೆ ಓದಿದ್ದಕ್ಕೂ ಇವತ್ತಿನದಕ್ಕೂ ನಂಟೇ ಇರುವುದಿಲ್ಲ. ಮುಂದಿನ ಜೂನ್‌ನಲ್ಲಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: ‘ಮಳೆ ಹಿಡಿದರೆ ಯಾರಿಗೆ ಏನು ಕೆಲಸ?’ ರಟ್ಟಿನ ಪೆಟ್ಟಿಗೆಯೊಳಗೆ ಕಪ್ಪೆಯ ಚಿತ್ರಕಥೆ, ಪದ್ಯಗಳು, ಆಗುಂಬೆ ಮಳೆಯ ಪತ್ರಿಕೆ ತುಣುಕು, ಮಳೆನಕ್ಷತ್ರದ ಗಾದೆ, ಅಡಿಕೆ ಕೊಳೆರೋಗದ ಕರಪತ್ರ ಎಲ್ಲ ಹಾಕಿಟ್ಟೆ. ಯಾರು ಯಾವುದನ್ನಾದರೂ ತೆಗೆಯಬಹುದು. ಸಿಕ್ಕ ಉತ್ತರವನ್ನು ಗೋಡೆಯ ಹಾಳೆಯಲ್ಲಿ ಬರೆಯಬೇಕು, ಅಷ್ಟೇ.

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡರೊಬ್ಬರ ಮಗ ಓದು ಅಂದರೆ ತಲೆ ತಗ್ಗಿಸುತ್ತಿದ್ದ. ಅವನು ಕರಪತ್ರ ಎತ್ತಿಕೊಂಡ. ಬೆರಳಿಟ್ಟು ‘ಮೈ...ಲು...ತುತ್ತ’ ಅಂತ ಓದುತ್ತ, ಕೊಳೆರೋಗದ ಔಷಧಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅನ್ನುವಲ್ಲಿ ನಿಂತ.

“ಟೀಚರ್, ಸುಣ್ಣದ ನೀರಿಗೆ ತುತ್ತದ ನೀರು ಹುಯ್ಯಬೇಕು. ಹಿಂದುಮುಂದಾದ್ರೆ ಔಷಧಿ ಕೆಡ್ತದೆ. ಅಪ್ಪ ಕತ್ತಿ ಅದ್ದಿ ನೋಡ್ತಾರೆ, ಕೆಂಪಾದ್ರೆ ಇನ್ನೂ ಸುಣ್ಣ ಬೇಕು.”

“ಅದು ಇದರಲ್ಲಿ ಬರೆದಿದೆಯಾ ಹುಡುಕು” ಅಂದೆ. ಹುಡುಕಲು ಇಡೀ ಕರಪತ್ರ ಓದಿದ. ಹಿಂಬದಿಯಲ್ಲಿ ಸಿಕ್ಕಿತು. ಅವನ ಮುಖ ನೋಡಬೇಕಿತ್ತು! ಮರುದಿನ ತಾನಾಗಿಯೇ ಕಪ್ಪೆಯ ಕಥೆ ತೆಗೆದುಕೊಂಡ.

ಒಂದು ಪ್ರಶ್ನೆ ಆರು ವಾರ ಬಾಳುತ್ತದೆ, ಆಮೇಲೆ ಎಳೆದರೆ ಮಕ್ಕಳಿಗೆ ಬೇಸರ. ದಸರಾ ರಜೆ ಕಳೆದು ಬಂದ ಮೇಲೆ ‘ಊರು ಬಿಟ್ಟವರು ಎಲ್ಲಿಗೆ ಹೋದರು?’ ಅಂತ ಬರೆದೆ. ಮಂಡಗದ್ದೆ ಪಕ್ಷಿಧಾಮದಲ್ಲಿ ಗೂಡು ಕಟ್ಟಿ, ಮರಿ ಬಲಿತ ಮೇಲೆ ಹಾರಿಹೋಗುವ ಬೆಳ್ಳಕ್ಕಿಗಳ ಬಗ್ಗೆ ಓದಲು ಬೇಕಾದಷ್ಟು ಸಿಕ್ಕಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಬಗ್ಗೆ ಹತ್ತು ವರ್ಷದ ಮಕ್ಕಳು ಓದುವಂಥದ್ದು ನನ್ನ ಕೈಗೆ ಸಿಗಲಿಲ್ಲ. ಹಾಗಾಗಿ ಮುಳುಗಡೆಯಿಂದ ಬಂದ ಅಜ್ಜಿಯೊಬ್ಬರನ್ನು ತರಗತಿಗೆ ಕರೆದೆವು. ಅವರು ಹೇಳಿದ್ದನ್ನು ಮಕ್ಕಳೇ ಬರೆದು, ಹೊಲಿದು, ಪೆಟ್ಟಿಗೆಗೆ ಸೇರಿಸಿದರು. ಈಗ ಎಲ್ಲಕ್ಕಿಂತ ಹೆಚ್ಚು ಹರಿದಿರುವುದು ಅದೇ ಪುಸ್ತಕ. ಕೊನೆಯ ಪುಟದಲ್ಲಿ ಎರಡೇ ಸಾಲು:

‘ನಿಮ್ಮನೆ ಬೆಕ್ಕು ಏನಾಯ್ತಜ್ಜಿ?’

‘ಕರೆದೆ ಮಗಾ, ಲಾರಿ ಹತ್ತಲಿಲ್ಲ.’